ಹೊಕ್ಕಳಾದ ಮೇಲೆ ಸೀದಾ ತೊಡೆ: ಕಲಬುರಗಿ ಅಂಗಡಿಗಳಲ್ಲಿ ಸಿಗುವ 'ಶರೀರದ ಭಾಗಗಳು' ಚಾರ್ಟು ಹೇಗಿದೆ?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಯಾವುದಾದರೂ ಸ್ಟೇಷನರಿ ಅಂಗಡಿಗೆ ಹೋಗಿ 'ಸಣ್ಣ ಹುಡುಗರ ಚಾರ್ಟ್ ತೋರಸ್ರಿ' ಅಂದರೆ ಸುರುಳಿ ಸುತ್ತಿಟ್ಟ ಕಟ್ಟು ಬಿಚ್ಚಿ ಮುಂದೆ ಹರವುತ್ತಾರೆ. ಹಣ್ಣು, ಕಾಯಿಪಲ್ಯ, ಕಾಡುಪ್ರಾಣಿ, ಗಾಡಿಗಳು, ಮಗ್ಗಿ, ವರ್ಣಮಾಲೆ, ಅವುಗಳ ನಡುವೆ 'ಶರೀರದ ಭಾಗಗಳು'. ಬೀದರಿನಲ್ಲೂ ಯಾದಗಿರಿಯಲ್ಲೂ ಹೆಚ್ಚುಕಮ್ಮಿ ಇದೇ ಮಾಲು. ದಪ್ಪ ಕಾಗದ, ಮೇಲೊಂದು ಪ್ಲಾಸ್ಟಿಕ್ ಪದರ, ತೂಗುಹಾಕಲು ಮೇಲೆ ಕೆಳಗೆ ಪಟ್ಟಿ. ನಡುವೆ ಚಡ್ಡಿ ಹಾಕಿಕೊಂಡು ನಗುತ್ತ ನಿಂತ ಗುಲಾಬಿ ಬಣ್ಣದ ಹುಡುಗ. ಮೈಯ ಎರಡೂ ಬದಿಗೆ ಬಾಣಗಳು: ಕೂದಲು, ಹಣೆ, ಹುಬ್ಬು, ರೆಪ್ಪೆ, ಕಣ್ಣು, ಮೂಗು, ಬಾಯಿ, ಗಲ್ಲ, ಕತ್ತು, ಭುಜ, ಎದೆ, ಹೊಟ್ಟೆ, ಹೊಕ್ಕಳು. ಹೊಕ್ಕಳಾದ ಮೇಲೆ ಬಾಣ ಸೀದಾ ತೊಡೆಗೆ ಹಾರುತ್ತದೆ. ಹುಬ್ಬಿಗೂ ರೆಪ್ಪೆಗೂ ಬೇರೆ ಬೇರೆ ಬಾಣ ಹಾಕುವಷ್ಟು ಸಣ್ಣಗೆ ನೋಡಿದವರು, ಹೊಕ್ಕಳಿಗೂ ತೊಡೆಗೂ ನಡುವೆ ಮೈಯೇ ಇಲ್ಲ ಅನ್ನುವ ಹಾಗೆ ಬಿಟ್ಟುಬಿಟ್ಟಿದ್ದಾರೆ.

ಉಳಿದ ವಿಷಯದಲ್ಲಿ ಚಾರ್ಟು ಚೆನ್ನಾಗಿಯೇ ಇದೆ. ಅಕ್ಷರ ದೊಡ್ಡವು, ಬಣ್ಣ ಬೇಗ ಮಾಸುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು, ಬೆಲೆಯೂ ಭಾರವಲ್ಲ. ಹಾಗಾಗಿ ಕೊಳ್ಳಬೇಡಿ ಎಂದು ಹೇಳುವುದಿಲ್ಲ. ಕೊಂಡು ತಂದು, ಬಿಟ್ಟುಹೋದ ಜಾಗದಲ್ಲಿ ನೀವೇ ಹೆಸರು ಬರೆಯಿರಿ. ಯಾವ ಹೆಸರು ಬರೆಯಬೇಕು ಎಂಬುದೇ ಕಷ್ಟದ ಪ್ರಶ್ನೆ, ಈ ಬರಹದ ಬಹುಪಾಲು ಅದಕ್ಕೇ ಹೋಗುತ್ತದೆ.

ಹೆಸರು ಯಾಕೆ ಬೇಕು ಎಂದು ಮನೆಯ ಹಿರಿಯರು ಕೇಳಿಯೇ ಕೇಳುತ್ತಾರೆ. ಅವರಿಗೆ ಮೊದಲು ಕಾಯಿಲೆಯ ಲೆಕ್ಕ ಹೇಳಿ, ಅದು ಬೇಗ ಒಪ್ಪಿಗೆಯಾಗುತ್ತದೆ. ಹುಡುಗನ ವೃಷಣ ಒಳಗೇ ತಿರುಚಿಕೊಂಡರೆ ಅದಕ್ಕೆ ರಕ್ತ ಹೋಗುವುದು ನಿಲ್ಲುತ್ತದೆ. ಸುಮಾರು 6 ಗಂಟೆಯೊಳಗೆ ಆಪರೇಷನ್ ಆದರೆ ಉಳಿಸಿಕೊಳ್ಳುವ ಆಸೆ ಹೆಚ್ಚು, ತಡವಾದಷ್ಟೂ ಕಡಿಮೆ. ಆ ಭಾಗಕ್ಕೆ ಹೆಸರೇ ಗೊತ್ತಿಲ್ಲದ, ಅಥವಾ ಹೆಸರು ಹೇಳಲು ನಾಚುವ ಹುಡುಗ 'ಹೊಟ್ಟಿ ಬ್ಯಾನಿ' ಎನ್ನುತ್ತಾನೆ. ಈ ತೊಂದರೆಯಲ್ಲಿ ಕಿಬ್ಬೊಟ್ಟೆಯೂ ನೋಯುವುದರಿಂದ ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಮನೆಯವರು ಓಮಿನ ಕಾಳು ಕೊಟ್ಟು ಮಲಗಿಸುತ್ತಾರೆ, ಬೆಳಗಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹುಡುಗಿಯರದು ಇನ್ನೊಂದು ಬಗೆ. ಉಚ್ಚೆ ಹೊಯ್ಯುವಾಗ ಉರಿಯುವುದು, ಯೋನಿಯ ಹೊರಚರ್ಮ ಕೆರೆಯುವುದು, ರಾತ್ರಿ ಗುದದ ಸುತ್ತ ಜಂತುಹುಳದಿಂದ ಕಡಿತ ಬರುವುದು, ಈ ಮೂರಕ್ಕೂ ಕಾರಣ ಬೇರೆ, ಔಷಧ ಬೇರೆ. ಮಗು ಮೂರಕ್ಕೂ 'ಅಲ್ಲಿ' ಎಂದರೆ ಡಾಕ್ಟರಿಗೆ ಉಳಿಯುವುದು ಊಹೆ ಮಾತ್ರ. ನಮ್ಮ ಕಡೆ ಬೇಸಿಗೆಯ ಬಿಸಿಲಿನಲ್ಲಿ ಮಕ್ಕಳು ನೀರು ಸಾಲದೆ ಉಚ್ಚೆ ಉರಿಯುತ್ತದೆ ಎನ್ನುವುದು ಮಾಮೂಲು. ಅದರ ನಡುವೆ ನಿಜವಾದ ಸೋಂಕನ್ನು ಬೇರೆ ಮಾಡಿ ಗುರುತಿಸಬೇಕಾದರೆ ಎಲ್ಲಿ ಉರಿಯುತ್ತದೆ ಎಂದು ಮಗುವೇ ಹೇಳಬೇಕು.

ಎರಡನೆಯದು ಕಾನೂನಿನ ಮಾತು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆ 2012ರದು. ಅದರ 7ನೇ ಕಲಮು ಕೆಟ್ಟ ಉದ್ದೇಶದಿಂದ ಮುಟ್ಟುವುದನ್ನು ಹೇಳುವಾಗ ನಾಲ್ಕು ಅಂಗಗಳ ಹೆಸರು ಹಿಡಿದು ಹೇಳುತ್ತದೆ: ಯೋನಿ, ಶಿಶ್ನ, ಗುದ, ಸ್ತನ. 26ನೇ ಕಲಮಿನ ಪ್ರಕಾರ ಪೊಲೀಸ್ ಅಧಿಕಾರಿಯಾಗಲಿ ಮ್ಯಾಜಿಸ್ಟ್ರೇಟರಾಗಲಿ ಹೇಳಿಕೆಯನ್ನು ಮಗು ಆಡಿದ ಹಾಗೇ ಬರೆದುಕೊಳ್ಳಬೇಕು, ಬೇಕಾದರೆ ಭಾಷಾಂತರ ಮಾಡುವವರ ಸಹಾಯ ತೆಗೆದುಕೊಳ್ಳಬಹುದು. ಮಗು ಆಡಿದ ಶಬ್ದವೇ ಕಾಗದಕ್ಕೆ ಇಳಿಯುತ್ತದೆ. ಆ ಶಬ್ದ ಎಲ್ಲಿಂದ ಬರಬೇಕು? ಮನೆಯಲ್ಲಿ ಕಲಿಸಿದ್ದರೆ ಮಾತ್ರ ಬರುತ್ತದೆ.

ಈಗ ಶಬ್ದಗಳನ್ನು ಒಂದೊಂದಾಗಿ ತೂಗೋಣ. ತೂಗುವ ಕಲ್ಲು ನಾಲ್ಕು: ಮೂರು ವರ್ಷದ ನಾಲಿಗೆಗೆ ಅದು ಹೊರಳಬೇಕು, ಅಂಗನವಾಡಿ ಟೀಚರ್, ಡಾಕ್ಟರ್, ಪೊಲೀಸರು ಯಾರು ಕೇಳಿದರೂ ತಿಳಿಯಬೇಕು, ಒಂದೇ ಜಾಗಕ್ಕೆ ಬೆರಳು ಇಟ್ಟು ತೋರಿಸಿದಂತಿರಬೇಕು, ಮುತ್ಯಾನ ಮುಂದೆ ಮಗು ಆಡಿದರೆ ಕೆನ್ನೆಗೆ ಏಟು ಬೀಳಬಾರದು.

ನಮ್ಮ ಕಡೆಯ ಮನೆಗಳಲ್ಲಿ ಬಹಳ ಚಾಲ್ತಿಯಲ್ಲಿರುವುದು 'ಉಚ್ಚಿ ಜಾಗ', 'ಒಂದಕ್ಕ ಮಾಡೋ ಜಾಗ'. ದಖ್ಖನಿ ಉರ್ದು ಮನೆಗಳಲ್ಲಿ 'ಪೇಶಾಬ್ ಕಿ ಜಗಾ', ಬೀದರ್ ಜಿಲ್ಲೆಯ ಮರಾಠಿ ಮನೆಗಳಲ್ಲಿ 'ಶೂಚೀ ಜಾಗಾ'. ಮೂರು ಭಾಷೆಯೂ ಒಂದೇ ಉಪಾಯ ಹೂಡಿವೆ, ಮೂರರಲ್ಲೂ ಒಂದೇ ದೋಷ ಇದೆ. ಮಗು 'ಉಚ್ಚಿ ಜಾಗದಾಗ ಮುಟ್ಟಿದ್ರು' ಎಂದಿತು ಅನ್ನಿ. ಕೇಳಿದವರಿಗೆ ಇದು ಸಂಡಾಸಿನಲ್ಲಿ, ಇಲ್ಲವೇ ಮೋರಿಯ ಹತ್ತಿರ, ಎಲ್ಲೋ ಮೈ ಮುಟ್ಟಿದರು ಎಂದೂ ಕೇಳಿಸುತ್ತದೆ. 'ಜಾಗದಾಗ' ಎಂಬಲ್ಲಿರುವ ಒಂದು ಪ್ರತ್ಯಯ ಅಂಗವನ್ನು ಸ್ಥಳ ಮಾಡಿಬಿಡುತ್ತದೆ. ಇನ್ನು ಹುಡುಗಿಗೆ ಈ ಹೆಸರು ಅರ್ಧ ಮಾತ್ರ ನಿಜ. ಮೂತ್ರ ಬರುವ ರಂಧ್ರ ಬೇರೆ, ಯೋನಿ ಬೇರೆ. ಆದರೂ ಎರಡು ವರ್ಷದ ಮಗುವಿಗೆ ಮೊದಲ ಮೆಟ್ಟಿಲಾಗಿ ಇದು ಸಾಕು. ಇದರಲ್ಲಿ ಬೈಗುಳ ಇಲ್ಲ, ನಾಚಿಕೆ ಇಲ್ಲ. ಅಲ್ಲಿಗೇ ನಿಲ್ಲಿಸದೆ ಮೂರು ತುಂಬುವ ಹೊತ್ತಿಗೆ ಪಕ್ಕದಲ್ಲಿ ನಿಜವಾದ ಹೆಸರು ಕೂಡಿಸಿದರೆ ಆಯಿತು.

'ಮಾನ' ಎಂಬ ಮಾತು ನಮ್ಮ ಅಜ್ಜಿಯರ ಬಾಯಲ್ಲಿ ಇನ್ನೂ ಇದೆ. 'ಮಾನ ಕಾಣಲಕತ್ತದ, ಮುಚ್ಕೊ' ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಉರ್ದುವಿನ 'ಶರ್ಮಗಾಹ್' ಕೂಡ ಅದೇ ದಾರಿಯದು, ನಾಚಿಕೆಯ ಜಾಗ ಎಂದೇ ಅದರ ಅರ್ಥ. ಇಂಗ್ಲಿಷ್ ಮೀಡಿಯಂ ಮನೆಯ 'ಶೇಮ್ ಶೇಮ್' ಇವೆರಡರ ಮರಿ. ಈ ಮೂರನ್ನೂ ಬಿಡಿ ಎಂದು ಒತ್ತಿ ಹೇಳಬೇಕು. ಮೈಯ ಒಂದು ಭಾಗಕ್ಕೆ ಮಾನ ಎಂದೇ ಹೆಸರಿಟ್ಟರೆ, ಅಲ್ಲಿ ಯಾರೋ ಕೈ ಹಾಕಿದ ದಿನ ಮಗು ತನ್ನ ಮಾನ ಹೋಯಿತು ಎಂದು ತಿಳಿಯುತ್ತದೆ. ತಪ್ಪು ಮಾಡಿದವನ ಮಾನ ಹೋಗಬೇಕಿತ್ತು. ಬಾಯಿ ಬಿಡದ ಮಗು ಹೀಗೆ ತಯಾರಾಗುತ್ತದೆ.

'ಗುಪ್ತಾಂಗ' ಕನ್ನಡ ಪತ್ರಿಕೆಗಳ ಮೆಚ್ಚಿನ ಶಬ್ದ, ಶಾಲೆಯ ಭಿತ್ತಿಪತ್ರಗಳಲ್ಲೂ ಅದೇ. ದೊಡ್ಡವರಿಗೆ ಅರ್ಥವಾಗುತ್ತದೆ, ಸರಿ. ಆದರೆ ಗುಪ್ತ ಎಂದರೆ ಗುಟ್ಟು. ಒಂದು ಕಡೆ 'ಅವ್ವನ ಹತ್ತಿರ ಯಾವ ಗುಟ್ಟೂ ಇಟ್ಕೋಬ್ಯಾಡ' ಎಂದು ಕಲಿಸುತ್ತೇವೆ, ಇನ್ನೊಂದು ಕಡೆ ಅಂಗಕ್ಕೇ ಗುಟ್ಟು ಎಂದು ಹೆಸರಿಡುತ್ತೇವೆ. ಮಗುವನ್ನು ಕೆಡಿಸುವವನು ಮೊದಲು ಹೇಳುವ ಮಾತೂ 'ಇದು ನಮ್ಮಿಬ್ಬರ ಗುಟ್ಟು' ಎಂಬುದೇ. ಒಟ್ಟಾಗಿ ಹೇಳುವ ಶಬ್ದ ಬೇಕಿದ್ದರೆ 'ಖಾಸಗಿ ಭಾಗ' ವಾಸಿ. ಖಾಸಗಿ ಎಂದರೆ ತನ್ನದು, ತನಗೆ ಸೇರಿದ್ದು. ಉರ್ದು ಬೆರೆತ ನಮ್ಮ ಕನ್ನಡದಲ್ಲಿ ಅದು ಎಲ್ಲರಿಗೂ ತಿಳಿಯುತ್ತದೆ. ಮಕ್ಕಳಿಗೆ ಇನ್ನೂ ಸುಲಭದ ಗಡಿ ಬೇಕಾದರೆ ಉಡದಾರ ಇದ್ದೇ ಇದೆ. 'ಉಡದಾರದ ಕೆಳಗ, ತೊಡಿ ಮ್ಯಾಲ, ಮುಂದೂ ಹಿಂದೂ' ಎಂದರೆ ಮೂರು ವರ್ಷದ ಮಗು ತಾನೇ ಕೈಯಿಟ್ಟು ತೋರಿಸುತ್ತದೆ. ಈಜುಡುಗೆ ಮುಚ್ಚುವ ಭಾಗ ಎಂದು ಕೆಲವು ಇಂಗ್ಲಿಷ್ ಕಾರ್ಡುಗಳಲ್ಲಿ ಬರೆದಿರುತ್ತಾರೆ. ಈಜುಡುಗೆಯನ್ನೇ ನೋಡದ ಮಗುವಿಗೆ ಅದು ಹೇಗೆ ತಿಳಿದೀತು?

'ಲಿಂಗ' ಎಂಬ ಶಬ್ದ ಹಲವು ಕನ್ನಡ ಬರಹಗಳಲ್ಲಿ ಶಿಶ್ನದ ಅರ್ಥಕ್ಕೆ ಬಳಕೆಯಾಗುತ್ತದೆ. ಬಸವಕಲ್ಯಾಣ ಇರುವ ಸೀಮೆಯಲ್ಲಿ ಅದು ನಡೆಯುವುದಿಲ್ಲ. ಮುತ್ಯಾನ ಎದೆಯ ಮೇಲೆ ಇಷ್ಟಲಿಂಗ ಇದೆ, ದಿನಾ ಬೆಳಿಗ್ಗೆ ಲಿಂಗಪೂಜೆ ನಡೆಯುತ್ತದೆ, ಮಗುವಿಗೆ ಆ ಶಬ್ದ ಅಲ್ಲಿಗೇ ಸೇರಿದೆ. ಶಾಲೆಗೆ ಹೋದ ಮೇಲೆ ಪುಲ್ಲಿಂಗ, ಸ್ತ್ರೀಲಿಂಗ ಬೇರೆ ಬರುತ್ತವೆ. ಒಂದೇ ಶಬ್ದಕ್ಕೆ ಇಷ್ಟು ಭಾರ ಹೊರಿಸಿ, ಮೇಲೆ ಹಿರಿಯರ ಮನಸ್ಸೂ ನೋಯಿಸುವುದು ಬೇಡ. ಶಿಶ್ನ ಎಂದರೆ ಶಿಶ್ನವೇ, ಬೇರೆ ಅರ್ಥ ಇಲ್ಲ. ನಾಲಿಗೆಗೆ ಮಾತ್ರ ಕಷ್ಟ. ಮೂರರ ಮಗು 'ಸಿಸ್ನ' ಎನ್ನುತ್ತದೆ, ಕೆಲವು ಮಕ್ಕಳು 'ಶಿಶನ' ಎಂದು ಒಡೆದು ಹೇಳುತ್ತಾರೆ. ಎರಡೂ ನಡೆಯುತ್ತವೆ, ಕೇಳಿದವರಿಗೆ ತಿಳಿಯುತ್ತದೆ. ಪದೇ ಪದೇ ತಿದ್ದಬೇಡಿ. ತಿದ್ದಿದಷ್ಟೂ ಆ ಶಬ್ದದಲ್ಲಿ ಏನೋ ವಿಶೇಷ ಇದೆ ಎಂದು ಮಗು ಎಲ್ಲರ ಮುಂದೆ ಅದನ್ನೇ ಕೂಗತೊಡಗುತ್ತದೆ.

'ಯೋನಿ' ಎರಡೇ ಅಕ್ಷರ, ಹುಡುಗಿಯರು ಎರಡೂವರೆ ವರ್ಷಕ್ಕೇ ಸ್ಪಷ್ಟವಾಗಿ ಹೇಳಬಲ್ಲರು. ಶಾಸ್ತ್ರದ ಪ್ರಕಾರ ಯೋನಿ ಒಳಗಿನ ನಾಳ, ಹೊರಗೆ ಕಾಣುವುದಕ್ಕೆ ಸಂಸ್ಕೃತದಿಂದ ಬಂದ 'ಭಗ' ಎಂಬ ಹೆಸರಿದೆ. ಆ ಶಬ್ದ ಈಗ ಮಾತಿನಲ್ಲಿ ಉಳಿದಿಲ್ಲ, ಕೇಳಿದವರಿಗೂ ತಿಳಿಯುವುದಿಲ್ಲ. ಚಿಕ್ಕ ಮಕ್ಕಳಿಗೆ ಹೊರಭಾಗವನ್ನೂ ಸೇರಿಸಿ ಯೋನಿ ಎಂದೇ ಕಲಿಸಿ. ಎಂಟು ಒಂಬತ್ತರ ಹೊತ್ತಿಗೆ, ಮುಟ್ಟಿನ ಬಗ್ಗೆ ಹೇಳಿಕೊಡುವಾಗ, ಮೂತ್ರದ ದಾರಿ ಯಾವುದು, ಯೋನಿದ್ವಾರ ಯಾವುದು, ಹೊರಗಿನ ತುಟಿ ಯಾವುದು ಎಂದು ಬಿಡಿಸಿ ಹೇಳಿ. 'ವೃಷಣ' ನಾಲಿಗೆಗೆ ಬಹಳ ಬಿಗಿ. ಇದಕ್ಕೆ ಆಡುಮಾತಿನ 'ಬೀಜ' ಇದೆ, ಹಳ್ಳಿಯಿಂದ ಆಸ್ಪತ್ರೆಯವರೆಗೂ ತಿಳಿಯುತ್ತದೆ, ರೈತರ ಮನೆಯಲ್ಲಿ ಕೆಟ್ಟ ಶಬ್ದವೂ ಅಲ್ಲ. ಮೊದಲು ಬೀಜ, ಆಮೇಲೆ ವೃಷಣ.

ಹಿಂಭಾಗಕ್ಕೆ ನಮ್ಮ ಕಡೆ ತೊಂದರೆಯೇ ಇಲ್ಲ. 'ಕುಂಡಿ ತೊಳಕೊ' ಎಂದು ದಿನಾ ಹೇಳುವ ಮಾತು. ನಿತಂಬ, ಪೃಷ್ಠ ಯಾಕೆ ಬೇಕು? ಆದರೆ ಕುಂಡಿ ಎಂದರೆ ಎರಡು ಗುಂಡನೆಯ ಭಾಗ. ನಡುವಿನ ತೂತಿಗೆ 'ಗುದ' ಎಂದು ಬೇರೆ ಹೆಸರು ಕಲಿಸಲೇಬೇಕು. ಕುಂಡಿ ಮೇಲೆ ಹೊಡೆದರು ಎಂಬುದಕ್ಕೂ ಗುದಕ್ಕೆ ಬೆರಳು ತಾಗಿಸಿದರು ಎಂಬುದಕ್ಕೂ ಇರುವ ಅಂತರ ಈ ಒಂದು ಶಬ್ದದಲ್ಲಿದೆ. ಎದೆಯ ವಿಷಯಕ್ಕೆ ಬಂದರೆ 'ಮೊಲಿ' ನಮ್ಮಲ್ಲಿ ಕೂಸಿಗೆ ಹಾಲೂಡುವ ಮನೆಮಾತು, ಅದನ್ನೇ ಇಟ್ಟುಕೊಳ್ಳಬಹುದು. ಪುಸ್ತಕದ ಶಬ್ದ 'ಸ್ತನ' ಆಮೇಲೆ ಸೇರಿಕೊಳ್ಳುತ್ತದೆ. ಹುಡುಗನ ಎದೆಯೂ ಖಾಸಗಿಯೇ ಎಂದು ಹೇಳಲು ಮರೆಯಬೇಡಿ. ಬಾಯಿಯೂ ಹಾಗೇ. ಚಾರ್ಟಿನಲ್ಲಿ ಬಾಯಿಗೆ ಬಾಣ ಇದೆ, ಆದರೆ ಯಾರೂ ಅದಕ್ಕೆ ಏನನ್ನೂ ಒತ್ತಾಯದಿಂದ ತಾಗಿಸಬಾರದು, ಇಡಬಾರದು ಎಂಬ ಮಾತು ಯಾವ ಚಾರ್ಟಿನಲ್ಲೂ ಇಲ್ಲ. ಪೋಕ್ಸೊದ 3ನೇ ಕಲಮು ಬಾಯಿಯನ್ನೂ ಸೇರಿಸಿಯೇ ಹೇಳುತ್ತದೆ.

ಓಣಿಯಲ್ಲಿ ಜಗಳವಾದಾಗ ಕಿವಿಗೆ ಬೀಳುವ ಎರಡಕ್ಷರದ ಶಬ್ದಗಳೂ ಈ ಅಂಗಗಳ ಹೆಸರೇ. ಅಚ್ಚಕನ್ನಡ, ಎಲ್ಲರಿಗೂ ಗೊತ್ತು, ಅವನ್ನೇ ಕಲಿಸಿದರೆ ಏನು ಎಂದು ಕೇಳುವವರಿದ್ದಾರೆ. ಮಗು ಆ ಶಬ್ದ ಆಡಿದ ಕ್ಷಣ ಅಕ್ಕೋರು ಬೈಗುಳ ಎಂದು ಬಾಯಿ ಮುಚ್ಚಿಸುತ್ತಾರೆ, ಮುಂದಿನ ಮಾತು ಯಾರೂ ಕೇಳುವುದಿಲ್ಲ. ಅದಕ್ಕಾಗಿ ಬೇಡ. ಹಾಗೆಂದು ಮಗು ಓಣಿಯಿಂದ ಆ ಶಬ್ದ ಹೊತ್ತು ತಂದರೆ ಹೊಡೆಯುವುದೂ ಬೇಡ. 'ಅದಕ್ಕ ನಮ್ಮನ್ಯಾಗ ಶಿಶ್ನ ಅಂತೀವಿ' ಎಂದು ಹೇಳಿ ಮುಂದೆ ಹೋಗಿ. ಇನ್ನು ಇಂಗ್ಲಿಷಿನ ಪೀನಿಸ್, ವಜೈನಾ. ಕಲಿಸಿ, ಕೂಡಿಸಿ, ತಕರಾರಿಲ್ಲ. ಕನ್ನಡದ ಶಬ್ದ ಹೊಲಸು, ಇಂಗ್ಲಿಷಿನದು ಸ್ವಚ್ಛ ಎಂಬ ಕಾರಣಕ್ಕೆ ಮಾತ್ರ ಕಲಿಸಬೇಡಿ. ಆ ಮಗು ಬೇಸಿಗೆ ರಜೆಯಲ್ಲಿ ಆಯಿಯ ಊರಿಗೆ ಹೋದಾಗ ಆಯಿಗೆ ಏನು ಹೇಳೀತು? ಲಂಬಾಣಿ ತಾಂಡಾದ, ಮರಾಠಿಯ, ಉರ್ದುವಿನ ಮನೆಗಳಲ್ಲೂ ಇದೇ ಲೆಕ್ಕ: ಮನೆಯ ಭಾಷೆಯದು ಒಂದು, ಅಂಗನವಾಡಿಯಲ್ಲಿ ತಿಳಿಯುವ ಕನ್ನಡದ್ದು ಒಂದು, ಎರಡೂ ಜೋಡಿಯಾಗಿ.

ಶಿಶ್ನ, ವೃಷಣ, ಯೋನಿ ಮೂರೂ ಹತ್ತನೇ ತರಗತಿಯ ವಿಜ್ಞಾನ ಪಾಠದಲ್ಲಿ ಬರುತ್ತವೆ. ಮೂರನೇ ವರ್ಷಕ್ಕೆ ಬೇಕಾದದ್ದು ಹದಿನೈದಕ್ಕೆ ಸಿಗುತ್ತದೆ, ಆ ಹೊತ್ತಿಗೆ ತರಗತಿಯಲ್ಲಿ ಕಿಸಕ್ಕನೆ ನಗು.

ಈಗ ಚಾರ್ಟು ತಿದ್ದುವ ಕೆಲಸ. ಪ್ಲಾಸ್ಟಿಕ್ ಪದರದ ಮೇಲೆ ಬಾಲ್ ಪೆನ್ ಹಿಡಿಯುವುದಿಲ್ಲ, ಬಿಳಿ ಬೋರ್ಡಿನ ಮಾರ್ಕರ್ ಎರಡು ದಿನಕ್ಕೆ ಒರೆಸಿಹೋಗುತ್ತದೆ. ಪರ್ಮನೆಂಟ್ ಮಾರ್ಕರ್ ತನ್ನಿ. ಬಿಳಿ ಸ್ಟಿಕರ್ ಕಾಗದವನ್ನು ಚಾರ್ಟಿನ ಅಚ್ಚಿನ ಚೀಟಿಗಳಷ್ಟೇ ಅಗಲ ಎತ್ತರಕ್ಕೆ ಕತ್ತರಿಸಿ, ಅದೇ ಅಳತೆಯ ಅಕ್ಷರದಲ್ಲಿ ಶಿಶ್ನ, ಬೀಜ ಎಂದು ಬರೆದು ಹೊಕ್ಕಳಿಗೂ ತೊಡೆಗೂ ನಡುವೆ ಅಂಟಿಸಿ. ಚಡ್ಡಿಯವರೆಗೆ ಬಾಣ ಎಳೆಯಿರಿ, ಮೇಲೆ ಪಾರದರ್ಶಕ ಟೇಪ್ ಹಚ್ಚಿ. ಅಕ್ಷರದ ಗಾತ್ರ ಮುಖ್ಯ. ಸಣ್ಣದಾಗಿ ಬರೆದರೆ ಕದ್ದು ಬರೆದಂತೆ ಕಾಣುತ್ತದೆ, ಕೆಂಪಿನಲ್ಲಿ ಬರೆದರೆ ಅಪಾಯದ ಬೋರ್ಡಾಗುತ್ತದೆ. ಮೊಣಕೈ ಬರೆದ ಬಣ್ಣವೇ ಇದಕ್ಕೂ ಇರಲಿ. ಚಡ್ಡಿಯನ್ನು ಕೆರೆದು ಅಂಗ ಬಿಡಿಸಬೇಕಾಗಿಲ್ಲ.

ಚಾರ್ಟಿನ ದೊಡ್ಡ ಕೊರತೆ ಬೇರೆ ಇದೆ: ಬರೀ ಹುಡುಗ, ಬರೀ ಮುಂಭಾಗ. ಕುಂಡಿಗೆ, ಗುದಕ್ಕೆ ಬಾಣ ಹಾಕಲು ಬೆನ್ನೇ ಇಲ್ಲ. ಇದಕ್ಕೆ ಹಳೇ ಕ್ಯಾಲೆಂಡರ್ ಸಾಕು. ದೊಡ್ಡ ಅಳತೆಯ ನಾಲ್ಕು ಹಾಳೆಗಳನ್ನು ಬಿಳಿ ಬದಿ ಮೇಲೆ ಬರುವಂತೆ ಜೋಡಿಸಿ ಹಿಂದಿನಿಂದ ಅಂಟಿಸಿ, ಮಗುವನ್ನು ಅಂಗಾತ ಮಲಗಿಸಿ, ಸುತ್ತ ಪೆನ್ಸಿಲ್ ಎಳೆಯಿರಿ. ಮೂರರ ಮಗು ಮೂರು ಅಡಿಯ ಆಸುಪಾಸು ಇರುತ್ತದೆ, ಹಾಳೆ ಸಾಲುತ್ತದೆ. ಒಂದು ಮುಂಭಾಗದ್ದು, ಇನ್ನೊಂದು ಬೋರಲು ಮಲಗಿಸಿ ಹಿಂಭಾಗದ್ದು. ಬಣ್ಣ ತುಂಬುವುದು ಮಗುವಿನ ಕೆಲಸ; ಕಂದು ಕ್ರೇಯಾನ್ ಕೈಗೆ ಕೊಡಿ, ಅಚ್ಚಿನ ಚಾರ್ಟಿನ ಗುಲಾಬಿ ನಮ್ಮ ಮಕ್ಕಳ ಬಣ್ಣವೇ ಅಲ್ಲ. ಹುಡುಗಿಯ ಚಿತ್ರಕ್ಕೆ ಯೋನಿ, ಮೊಲಿ ಎಂದು ಚೀಟಿ. ಹೀಗೆ ಮಾಡಿದ ಚಾರ್ಟು ಅಂಗಡಿಯದಕ್ಕಿಂತ ಎಷ್ಟೋ ಮೇಲು, ಯಾಕೆಂದರೆ ಮಗು 'ಇದು ನಂದು' ಎನ್ನುತ್ತದೆ.

ಅದೇ ಅಂಗಡಿಗಳ ಉಳಿದ ಸಾಮಾನು ಬೇಗ ಮುಗಿಸಬಹುದು. ಫ್ಲ್ಯಾಶ್ ಕಾರ್ಡುಗಳಲ್ಲೂ ಇದೇ ಖಾಲಿ ಜಾಗ. ದಪ್ಪ ಮದುವೆ ಕಾರ್ಡನ್ನು ಅದೇ ಅಳತೆಗೆ ಕತ್ತರಿಸಿ ಎರಡು ಮೂರು ಕಾರ್ಡು ಸೇರಿಸಿ. ಕಟ್ಟಿಗೆಯ ಜೋಡಿಸುವ ಹಲಗೆಯಲ್ಲಿ ನಡುವಿನ ತುಂಡು ಚಡ್ಡಿಯದೇ ಆಗಿದ್ದರೆ ಮಗು ಆ ಭಾಗದ ಹೆಸರೇ ಚಡ್ಡಿ ಎಂದು ಕಲಿಯುತ್ತದೆ. ಅಂಥದ್ದು ಬಿಡಿ. ಮುಟ್ಟಿದರೆ ಮಾತಾಡುವ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷ್, ಹಿಂದಿಯವು. ಈ ಕೆಲಸಕ್ಕೆ ದುಡ್ಡು ದಂಡ.

'ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ' ಭಿತ್ತಿಪತ್ರದ ಬಗ್ಗೆ ಮಾತ್ರ ನಿಂತು ಹೇಳಬೇಕು, ಯಾಕೆಂದರೆ ಅಂಗನವಾಡಿಗಳಿಗೆ ಇದನ್ನೇ ಹೆಚ್ಚು ಒಯ್ಯುತ್ತಾರೆ. ತಲೆ, ಕೈಗೆ ಹಸಿರು. ಎದೆ, ತೊಡೆಸಂದಿಗೆ ಕೆಂಪು ಗುಣಾಕಾರ ಚಿಹ್ನೆ. ಹೆಸರು ಇಲ್ಲ, ಬರೀ ಕೆಂಪು. ಮಗು ಓದುವುದು 'ಈ ಭಾಗ ಕೆಟ್ಟದ್ದು' ಎಂದು. ತೊಂದರೆ ಇಷ್ಟಕ್ಕೇ ನಿಲ್ಲುವುದಿಲ್ಲ. ಕೆಡಿಸುವವನು ಬಹಳ ಸಲ ಗುರುತಿನವನೇ, ಕಾಕಾನೋ ಮಾಮಾನೋ ಮನೆಗೆ ಬರುವ ಪಾಠದ ಸರ್ರೋ. ಮೊದಮೊದಲು ಮುದ್ದಿನಿಂದ, ಕಚಗುಳಿ ಇಡುತ್ತ ಮುಟ್ಟುತ್ತಾನೆ. ಮಗುವಿಗೆ ಅದು ಕೆಟ್ಟದ್ದು ಅನಿಸುವುದೇ ಇಲ್ಲ. ಅನಿಸಿಕೆಯ ಮೇಲೆ ನಿಂತ ಪಾಠ ಅಲ್ಲಿ ಸೋಲುತ್ತದೆ. ಹೆಸರು ಹಿಡಿದ ನಿಯಮ ಸೋಲುವುದಿಲ್ಲ: 'ನಿನ್ನ ಯೋನಿ, ಗುದ, ಮೊಲಿ ಯಾರೂ ಮುಟ್ಟಬಾರದು, ನೋಡಬಾರದು, ಫೋಟೋ ತೆಗೀಬಾರದು. ತಮ್ಮದು ಮುಟ್ಟು ಅಂತ ನಿನಗೂ ಹೇಳಬಾರದು. ಜಳಕಾ ಮಾಡ್ಸುವಾಗ ಅವ್ವ, ಬ್ಯಾನಿ ಆದಾಗ ಅವ್ವನ ಮುಂದ ಡಾಕ್ಟರ್, ಅಷ್ಟೇ.' ಆ ಭಿತ್ತಿಪತ್ರ ಮನೆಯಲ್ಲಿದ್ದರೆ ಕೆಂಪು ಚಿಹ್ನೆಯ ಮೇಲೆ ಹೆಸರಿನ ಚೀಟಿ ಅಂಟಿಸಿ.

ಅಂಗಡಿಯ ಪ್ಲಾಸ್ಟಿಕ್ ಗೊಂಬೆಗಳು ತೊಡೆಸಂದಿಯಲ್ಲಿ ಸಪಾಟು. ಗೊಂಬೆ ಬೇಕಾದರೆ ಬಟ್ಟೆಯದು ಹೊಲಿಸಿ. ಅರ್ಧ ಮೀಟರ್ ಮಾಂಜರಪಾಟ ಸಾಕು, ಹದಿನಾರು ಇಂಚಿನ ಒಂದು ಗೊಂಬೆ ಆಗಿ ಮಿಗುತ್ತದೆ. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಚಹಾಪುಡಿ ಹಾಕಿ ಕುದಿಸಿ ಸೋಸಿ, ಬಟ್ಟೆಯನ್ನು ಇಪ್ಪತ್ತು ನಿಮಿಷ ಅದರಲ್ಲಿ ಅದ್ದಿಟ್ಟು ನೆರಳಿಗೆ ಹಾಕಿದರೆ ಮೈಬಣ್ಣ ಬರುತ್ತದೆ. ತುಂಬಲು ಹಳೇ ದಿಂಬಿನ ಅರಳೆ. ಜೋಳ, ಸಾಸಿವೆ ತುಂಬಬೇಡಿ: ಹುಳ ಬೀಳುತ್ತದೆ, ಹೊಲಿಗೆ ಬಿಟ್ಟರೆ ಕಾಳು ಮಗುವಿನ ಗಂಟಲಿಗೆ ಹೋಗುತ್ತದೆ. ಹುಡುಗ ಗೊಂಬೆಗೆ ಒಂದಿಂಚಿನ ಸಣ್ಣ ಕೊಳವೆ, ಕೆಳಗೆ ಅರಳೆಯ ಎರಡು ಉಂಡೆ ಇಟ್ಟ ಪುಟ್ಟ ಚೀಲ. ಹುಡುಗಿ ಗೊಂಬೆಗೆ ಬಟ್ಟೆಯನ್ನು ಎರಡು ಮಡಿಕೆ ಮಾಡಿ ನಡುವೆ ಒಂದಿಂಚು ಕಂದು ದಾರದ ಹೊಲಿಗೆ. ಹಿಂದೆ ಎರಡಕ್ಕೂ ಒಂದು ಗಂಟು, ಅದು ಗುದ. ಸೊಂಟಕ್ಕೆ ಕರಿ ಉಡದಾರ ಕಟ್ಟಿ. ಬಿಚ್ಚಿ ಹಾಕುವ ಚಡ್ಡಿಗೆ ಇಲಾಸ್ಟಿಕ್ ಸಾಕು, ಗುಂಡಿ ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ. ಟೇಲರ್ ಸಂಕೋಚ ಪಟ್ಟರೆ ಗೊಂಬೆಯನ್ನಷ್ಟೇ ಹೊಲಿಸಿ ತಂದು ಉಳಿದದ್ದನ್ನು ಕೈಹೊಲಿಗೆಯಲ್ಲಿ ಮುಗಿಸಿ.

ಗೊಂಬೆಗೆ ಜಳಕಾ ಮಾಡಿಸುವುದೇ ಪಾಠ. ತಲೆಯಿಂದ ಕಾಲಿನವರೆಗೆ ಹೆಸರು ಹೇಳುತ್ತ ತೊಳೆಯುವಾಗ ಹೊಕ್ಕಳು, ಶಿಶ್ನ, ಬೀಜ, ತೊಡೆ ಎಂದು ಒಂದೇ ದನಿಯಲ್ಲಿ ಹೋಗಬೇಕು. ಅಲ್ಲಿ ದನಿ ತಗ್ಗಿದರೆ, ನಗು ಬಂದರೆ, ಮಗು ಶಬ್ದ ಮರೆತು ಆ ದನಿಯನ್ನೇ ಕಲಿಯುತ್ತದೆ. ಹುಡುಗಿಗೆ ಮುಂದಿನಿಂದ ಹಿಂದಕ್ಕೆ ತೊಳೆಯುವುದನ್ನೂ ಇಲ್ಲೇ ಕಲಿಸಿ, ಗುದದ ಹೊಲಸು ಮುಂದಕ್ಕೆ ಬಂದರೆ ಮೂತ್ರದ ಸೋಂಕು. ಚಿಕ್ಕ ಹುಡುಗನ ಮುಂದೊಗಲನ್ನು ಒತ್ತಾಯದಿಂದ ಹಿಂದೆ ಎಳೆಯಬಾರದು, ಆ ವಯಸ್ಸಿನಲ್ಲಿ ಅದು ಅಂಟಿಕೊಂಡೇ ಇರುತ್ತದೆ, ಎಳೆದರೆ ಹರಿದು ಗಾಯವಾಗುತ್ತದೆ. ಇದೆಲ್ಲ ಶುರು ಮಾಡುವ ಮೊದಲು ಮನೆಯ ದೊಡ್ಡವರೆಲ್ಲ ಒಂದೇ ಶಬ್ದಕ್ಕೆ ಒಪ್ಪಬೇಕು. ಅವ್ವ ಯೋನಿ ಎಂದು ಕಲಿಸಿ, ಆಯಿ ಬಾಯಿಗೆ ಹೊಡೆದರೆ ಕಲಿಸಿದ್ದು ಅಂದೇ ಹೋಯಿತು.

ಮಗು ಯಾರ ಮೇಲಾದರೂ ಹೀಗೆ ಹೇಳಿದ ದಿನ ಗೊಂಬೆಯನ್ನೂ ಚಾರ್ಟನ್ನೂ ಪಕ್ಕಕ್ಕಿಡಿ. 'ಇಲ್ಲಿ ಮುಟ್ಟಿದ್ನೇನು, ಇಲ್ಲಿ?' ಎಂದು ಬೆರಳಿಟ್ಟು ಕೇಳಿದರೆ ಮಗು ಹೂಂ ಅನ್ನುತ್ತ ಹೋಗುತ್ತದೆ, ಆ ಮಾತು ಮುಂದೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. 'ಏನಾತು ಹೇಳು' ಎಂದಷ್ಟೇ ಕೇಳಿ ಸುಮ್ಮನಿರಿ. ಮಗು ಆಡಿದ ಶಬ್ದ ಆಡಿದ ಹಾಗೇ, ತಾರೀಕು, ಗಂಟೆ ಹಾಕಿ ಬರೆದಿಡಿ. ಅದು ಸಿಸ್ನ ಎಂದಿದ್ದರೆ ಸಿಸ್ನ, ಉಚ್ಚಿ ಜಾಗ ಎಂದಿದ್ದರೆ ಉಚ್ಚಿ ಜಾಗ. ನೀವಾಗಿ ಗುಪ್ತಾಂಗ ಎಂದು ತಿದ್ದಿ ಬರೆಯಬೇಡಿ. ಬಟ್ಟೆ ಒಗೆಯಬೇಡಿ, ಜಳಕಾ ಮಾಡಿಸಬೇಡಿ. 1098 ಮಕ್ಕಳ ಸಹಾಯವಾಣಿ, ಹಗಲು ರಾತ್ರಿ, ದುಡ್ಡಿಲ್ಲ. ತುರ್ತು ಇದ್ದರೆ 112. ಗೊತ್ತಾದವರು ಯಾರೇ ಆಗಲಿ, ಅಕ್ಕೋರೇ ಆಗಲಿ ಡಾಕ್ಟರೇ ಆಗಲಿ, ಪೊಲೀಸರಿಗೆ ತಿಳಿಸಲೇಬೇಕು ಎಂದು ಕಾಯ್ದೆಯ 19ನೇ ಕಲಮು ಹೇಳುತ್ತದೆ. ಮಗು ಠಾಣೆಗೆ ಬರಲೇಬೇಕೆಂದಿಲ್ಲ. 24ನೇ ಕಲಮಿನ ಪ್ರಕಾರ ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಕಡೆ, ಆದಷ್ಟು ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆಯಲ್ಲದ ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು, ಅವರು ಸಮವಸ್ತ್ರದಲ್ಲಿ ಇರಬಾರದು.

ಚಾರ್ಟು ತೂಗುಹಾಕುವ ಮಾತು ಉಳಿಯಿತು. ಸುಣ್ಣದ ಗೋಡೆಗೆ ಎರಡು ಬದಿಯ ಅಂಟುಪಟ್ಟಿ ಹಿಡಿಯುವುದಿಲ್ಲ, ಏಪ್ರಿಲ್ ತಿಂಗಳ ಕಾವಿಗೆ ಬಿಚ್ಚಿ ಬೀಳುತ್ತದೆ, ಮೊಳೆಯೇ ಬೇಕು. ದೊಡ್ಡವರ ಕಣ್ಣಳತೆಗೆ ಹೊಡೆಯಬೇಡಿ. ಚಾರ್ಟಿನ ಹುಡುಗನ ಹೊಕ್ಕಳು ನೆಲದಿಂದ ಎರಡೂವರೆ ಅಡಿಗೆ ಬರುವಂತೆ ಇದ್ದರೆ, ನೀವು ಅಂಟಿಸಿದ ಚೀಟಿ ಮಗುವಿನ ಬೆರಳಿಗೆ ಎಟಕುತ್ತದೆ.